ಸ್ವಂತ ತೋಟದ ನಾಟವನ್ನು ಎತ್ತುಗಳಿಂದ ಸಾಗಿಸಿ ಹೊಲಮನೆಯನ್ನು ಕಟ್ಟುವ ಕ್ರಮ

ಪೀಠಿಕೆ

ಊರಿನಿಂದ ದೂರದಲ್ಲಿ ಜಮೀನುಳ್ಳ ಹಿಡುವಳಿದಾರರಿಗೆ ಹೊಲದಲ್ಲಿಯೋ ತೋಟದಲ್ಲಿಯೋ ಒಂದು ಚಿಕ್ಕ ಮನೆ ಅವಶ್ಯವೆಂಬುದು ಅನುಭವಸಿದ್ಧವಾದ ವಿಷಯ. ಕೊಯಿಲಿನ ಕಾಲದಲ್ಲಿ ಕಾವಲಿಗೂ, ಉಪಕರಣಗಳನ್ನಿಡುವುದಕ್ಕೂ, ಬೀಜ ಗೊಬ್ಬರಗಳನ್ನು ಮಳೆಯಿಂದ ಕಾಪಾಡುವುದಕ್ಕೂ, ಅಕಾಲದಲ್ಲಿ ಮಳೆ ಬಂದಾಗ ಆಳುಗಳೂ ದನಗಳೂ ನಿಲ್ಲುವುದಕ್ಕೂ ಇದು ಬೇಕಾಗುತ್ತದೆ. ಇಂಥ ಮನೆಗೆ ಬೇಕಾದ ಮರವು ಅನೇಕರ ತೋಟದಲ್ಲಿಯೇ ಇರುತ್ತದೆ. ಅದನ್ನು ಎಳೆಯತಕ್ಕ ಎತ್ತುಗಳು ಕೊಟ್ಟಿಗೆಯಲ್ಲಿಯೇ ಇರುತ್ತವೆ. ಹೀಗಿದ್ದರೂ ಸ್ವಂತ ಮರದಿಂದ ಕಟ್ಟಿದ ಮನೆಗಳು ಐದಾರು ಮಳೆಗಾಲಗಳಿಗಿಂತ ಹೆಚ್ಚು ಬಾಳದಿರುವುದನ್ನು ನಾವು ಅಲ್ಲಲ್ಲಿ ನೋಡುತ್ತೇವೆ. ಇದಕ್ಕೆ ಮರದ ದೋಷಕ್ಕಿಂತಲೂ ಕ್ರಮದ ದೋಷವೇ ಹೆಚ್ಚು ಕಾರಣವಾಗಿರುತ್ತದೆ. ಆ ಕ್ರಮವನ್ನು ಮೊದಲಿನಿಂದ ಕೊನೆಯವರೆಗೆ ವಿವರಿಸುವುದೇ ಈ ಕರಪತ್ರದ ಉದ್ದೇಶ.

೧. ಒಂದು ನಿದರ್ಶನ

ಕೆಲವು ವರ್ಷಗಳ ಹಿಂದೆ ಈ ಲೇಖಕನು ಮಲೆನಾಡಿನ ಒಂದು ಗ್ರಾಮದಲ್ಲಿ ತನಿಖೆಗೆ ಹೋಗಿದ್ದಾಗ, ಅಡಿಕೆ ತೋಟದ ಹಿಡುವಳಿದಾರರೊಬ್ಬರು ತೋಟದ ಮನೆಯನ್ನು ಕಟ್ಟಲು ಸಿದ್ಧರಾಗಿದ್ದರು. ಮುಂಗಾರು ಹತ್ತಿರವಾಗಿತ್ತು. ಅವರು ಗುಡ್ಡದ ಮೇಲಿನ ಮತ್ತಿ, ಮಾವು, ಸಿಲ್ವರ್ ಓಕ್ ಮರಗಳನ್ನು ಅವಸರದಿಂದ ಕಡಿಸಿ, ಹಸಿಯಾಗಿಯೇ ಕಂಬಗಳನ್ನು ಕೆತ್ತಿಸಿ ನೆಲದಲ್ಲಿ ಹೂಳುತ್ತಿದ್ದರು. ಗೆದ್ದಲಿಗೆ ಏನು ಮಾಡಬೇಕೆಂದು ಕೇಳಿದಾಗ, ಕಂಬದ ಬುಡಕ್ಕೆ ಡಾಂಬರನ್ನು ಬಳಿದರೆ ಸಾಕೆಂದು ಉತ್ತರ ಕೊಟ್ಟವನು ಈ ಲೇಖಕನೇ. ಮರವು ಹಸಿಯಾಗಿದೆಯೆಂಬುದನ್ನು ಆಗ ವಿಚಾರಿಸದೆ ಹೋದದ್ದು ನನ್ನ ತಪ್ಪು. ಹಸಿ ಮರಕ್ಕೆ ಡಾಂಬರು ಬಳಿದರೆ ಒಳಗಿನ ನೀರು ಹೊರಕ್ಕೆ ಹೋಗಲಾರದು. ಹೊರಗಿನಿಂದ ಕಂಬವು ಕಪ್ಪಗೆ ಗಟ್ಟಿಯಾಗಿ ಕಾಣುತ್ತಿರುವಾಗಲೇ ಒಳಗೆ ಕೊಳೆಯುತ್ತಿರುತ್ತದೆ.

ಆ ಕೆಲಸದಲ್ಲಿಯೇ ಇನ್ನೊಂದು ಅನರ್ಥವೂ ಸಂಭವಿಸಿತು. ಇಳಿಜಾರಿನಲ್ಲಿ ಎತ್ತುಗಳನ್ನು ಮುಂದೆ ಕಟ್ಟಿ ದಿಮ್ಮಿಯನ್ನು ಇಳಿಸುತ್ತಿರಲು, ಮಳೆ ಬಿದ್ದು ನೆಲವು ಜಾರುತ್ತಿದ್ದುದರಿಂದ ದಿಮ್ಮಿಯು ತಾನಾಗಿಯೇ ಓಡಿಬಂದು ಎಡದ ಎತ್ತಿನ ಹಿಂಗಾಲನ್ನು ಮುರಿಯಿತು. ನಾಲ್ಕನೆಯ ಮಳೆಗಾಲದ ಒಂದು ರಾತ್ರಿ ಕಂಬಗಳೆರಡು ಬುಡದಲ್ಲಿ ಮುರಿದು ಮಾಡು ಕುಸಿಯಿತು. ಅಂದು ಕಾವಲಿನ ಹುಡುಗನು ಊರಿಗೆ ಹೋಗಿದ್ದುದು ದೈವಕೃಪೆ. ಮಾರನೆಯ ವಾರ ನಾನು ಹೋದಾಗ ಆ ಯಜಮಾನರು ಆಡಿದ ಮಾತು ಇಷ್ಟೆ: “ಮರ ನಮ್ಮದು, ಎತ್ತು ನಮ್ಮದು, ಮೈಮುರಿದು ದುಡಿದದ್ದೂ ನಾವೇ ಸ್ವಾಮಿ. ಖರ್ಚಿಲ್ಲದ ಮನೆ ಅಂತ ಕಟ್ಟಿದೆ. ಇಷ್ಟು ದುಬಾರಿ ಮನೆ ಈ ಸೀಮೆಯಲ್ಲಿ ಇನ್ನೊಂದಿಲ್ಲ.”

ಅದೇ ಸ್ಥಳದಲ್ಲಿ ಅವರು ಎರಡನೆಯ ಮನೆಯನ್ನು ಕಟ್ಟಿದರು. ಮುಂದೆ ಹೇಳುವ ಕ್ರಮವು ಬಹುಮಟ್ಟಿಗೆ ಆ ಎರಡನೆಯ ಮನೆಯ ಕ್ರಮವೇ.

೨. ಇತರ ದೇಶಗಳ ಪದ್ಧತಿ

ಯೂರೋಪಿನ ಉತ್ತರ ಭಾಗದಲ್ಲಿಯೂ ಅಮೆರಿಕದಲ್ಲಿಯೂ ರೈತರು ಕಾಡಿನ ದಿಮ್ಮಿಗಳನ್ನು ಕುದುರೆಗಳಿಂದ ಎಳೆಸಿ, ಅವುಗಳನ್ನು ಒಂದರ ಮೇಲೊಂದು ಅಡ್ಡಲಾಗಿ ಪೇರಿಸಿ, ಮೂಲೆಗಳಲ್ಲಿ ಕಚ್ಚು ತೆಗೆದು ಕೂಡಿಸಿ ಗೋಡೆ ಕಟ್ಟುವ ಪದ್ಧತಿಯುಂಟು. ೧೬೩೮ರಲ್ಲಿ ಡೆಲವೇರ್ ನದಿಯ ತೀರದಲ್ಲಿ ನೆಲೆಸಿದ ಸ್ವೀಡನ್ ಮತ್ತು ಫಿನ್ಲೆಂಡ್ ದೇಶದ ಜನರು ಈ ಬಗೆಯ ದಿಮ್ಮಿಮನೆಯನ್ನು ಅಮೆರಿಕಕ್ಕೆ ಕೊಂಡೊಯ್ದರು. ಅಲ್ಲಿ ಎಳೆತಕ್ಕೆ ಬಳಸುವ ಪೆರ್ಷರಾನ್, ಬೆಲ್ಜಿಯನ್, ಆರ್ಡೆನ್ ಮೊದಲಾದ ತಳಿಯ ಕುದುರೆಗಳು ಬಹು ಭಾರವಾದವು. ಎಂಟು ನೂರು ಕಿಲೋ ತೂಗುವ ಒಂದೇ ಕುದುರೆಯು ನಮ್ಮ ಒಂದು ಜೋಡಿ ಎತ್ತಿನ ಕೆಲಸವನ್ನು ಮಾಡಬಲ್ಲದು. ಚಳಿಗಾಲದಲ್ಲಿ ಹಿಮದ ಮೇಲೆ ದಿಮ್ಮಿಯು ಸುಲಭವಾಗಿ ಜಾರುವುದರಿಂದ ಆ ಕಾಲವನ್ನೇ ಸಾಗಣೆಗೆ ಆರಿಸುತ್ತಾರೆ. ಯಂತ್ರಗಳು ಬಂದ ಮೇಲೂ ಅಲ್ಲಿನ ಕೆಲವು ಕಾಡುಗಳಲ್ಲಿ ಕುದುರೆಗಳನ್ನು ಉಳಿಸಿಕೊಂಡಿದ್ದಾರೆ. ಭಾರವಾದ ಯಂತ್ರದ ಚಕ್ರಗಳು ಮಣ್ಣನ್ನು ಅದುಮಿ ಗಟ್ಟಿಮಾಡುತ್ತವೆ, ಎಳೆಯ ಸಸಿಗಳನ್ನು ತುಳಿಯುತ್ತವೆ. ಕುದುರೆಯಿಂದ ಈ ಹಾನಿಯು ಬಹಳ ಕಡಿಮೆ ಎಂಬುದೇ ಇದಕ್ಕೆ ಕಾರಣ.

ನಮ್ಮಲ್ಲಿ ಕುದುರೆಯು ಕುಣಿಗಲ್ಲಿನಂಥ ಲಾಯಗಳಲ್ಲಿ ದಂಡಿಗಾಗಿಯೂ ಪಂದ್ಯಕ್ಕಾಗಿಯೂ ಬೆಳೆದದ್ದೇ ಹೊರತು ನಾಟ ಎಳೆಯುವುದಕ್ಕಲ್ಲ. ಈ ಕೆಲಸವನ್ನು ಕಾಡಿನಲ್ಲಿ ಹಿಂದೆ ಆನೆಗಳು ಮಾಡುತ್ತಿದ್ದವು. ಹೊಲದಲ್ಲಿ ಎತ್ತುಗಳು ಮಾಡುತ್ತ ಬಂದಿವೆ. ದಿಮ್ಮಿಗಳನ್ನು ಪೇರಿಸಿದ ಗೋಡೆಯೂ ನಮಗೆ ಹೊಂದತಕ್ಕದ್ದಲ್ಲ. ಅದು ನೆಟ್ಟಗೆ ಬೆಳೆಯುವ ಹಗುರವಾದ ಪೈನ್ ಜಾತಿಯ ಮರಗಳಿಗೂ, ಚಳಿ ಹೆಚ್ಚಾಗಿ ಗೆದ್ದಲು ಕಡಿಮೆಯಾಗಿರುವ ಪ್ರದೇಶಗಳಿಗೂ ಉಚಿತವಾದುದು. ನಮ್ಮಲ್ಲಿ ಅಷ್ಟು ಮರವನ್ನು ಗೋಡೆಗೆ ಹಾಕುವುದು ಗೆದ್ದಲಿಗೆ ಔತಣವಿಟ್ಟಂತೆ. ಆದುದರಿಂದ ನಮ್ಮ ಹಿರಿಯರು ಅನುಸರಿಸಿದ ಕಂಬ, ತೊಲೆ, ಮಾಡುಗಳ ಚೌಕಟ್ಟೇ ಉತ್ತಮ. ಆ ದೇಶಗಳ ಪದ್ಧತಿಯಿಂದ ನಾವು ಕಲಿಯತಕ್ಕದ್ದು ಎರಡು: ಮಣ್ಣನ್ನು ಕೆಡಿಸದೆ ದನಗಳಿಂದ ನಾಟ ಸಾಗಿಸುವುದು, ಮತ್ತು ಸಾಗಣೆಗೆ ತಕ್ಕ ಕಾಲವನ್ನು ಆರಿಸುವುದು.

೩. ಮರದ ಆಯ್ಕೆ ಮತ್ತು ಅನುಮತಿ

ಯಾವ ಮರದಲ್ಲಿಯಾದರೂ ಬಾಳಿಕೆ ಬರುವುದು ನಡುವಿನ ಕೆಚ್ಚು ಮಾತ್ರ. ತೊಗಟೆಯ ಒಳಗಿನ ಬಿಳಿಯ ಭಾಗದಲ್ಲಿ ಹಿಟ್ಟಿನಂಶವಿರುವುದರಿಂದ ಕುಟ್ಟೆಹುಳುಗಳೂ ಗೆದ್ದಲೂ ಮೊದಲು ಅದನ್ನೇ ಹಿಡಿಯುತ್ತವೆ. ತೇಗದಂಥ ಉತ್ತಮ ಮರವಾದರೂ ಎಳೆಯದಾಗಿದ್ದರೆ ಅದರಲ್ಲಿ ಬಿಳಿಮರವೇ ಹೆಚ್ಚಾಗಿರುತ್ತದೆ. ಹೆಸರನ್ನು ಮಾತ್ರ ನೋಡಿ ಮೋಸಹೋಗಬಾರದು.

ಕಂಬಗಳಿಗೆ ಹಲಸು, ಹೊನ್ನೆ ಇವುಗಳ ಕೆಚ್ಚು ಯೋಗ್ಯವಾದುದು. ತೊಲೆಗಳಿಗೆ ಮತ್ತಿ, ನಂದಿ ಮರಗಳು ಬಲವಾದವು. ಮತ್ತಿಯು ಒಣಗುವಾಗ ಸೀಳುವ ಸ್ವಭಾವವುಳ್ಳದ್ದಾದುದರಿಂದ ಅದನ್ನು ನೆರಳಿನಲ್ಲಿ ನಿಧಾನವಾಗಿ ಒಣಗಿಸತಕ್ಕದ್ದು. ಕಾಫಿ ತೋಟದ ಸಿಲ್ವರ್ ಓಕ್ ನೆಟ್ಟಗಿರುತ್ತದೆ, ಹಗುರವಾಗಿರುತ್ತದೆ. ಆದರೆ ಗೆದ್ದಲನ್ನು ತಡೆಯಲಾರದು. ಅದನ್ನು ಮಾಡಿನ ಪಕಾಸಿಗಳಿಗೆ ಮಾತ್ರ ಉಪಯೋಗಿಸಬಹುದು. ಗಾಳಿಮರವೂ ಹೀಗೆಯೇ. ನೀಲಗಿರಿಯು ಒಣಗುವಾಗ ತಿರುಚಿಕೊಳ್ಳುತ್ತದೆ. ಮಾವಿನ ಮರವನ್ನು ಕಂಬಕ್ಕೆ ಎಂದಿಗೂ ಹಾಕಕೂಡದು. ಬಿದಿರನ್ನು ಮೂರು ವರ್ಷ ತುಂಬುವ ಮೊದಲು ಕಡಿಯಬಾರದು. ರೀಪುಗಳಿಗೆ ಬಲಿತ ಅಡಿಕೆಯ ದಬ್ಬೆಯು ಮಲೆನಾಡಿನಲ್ಲಿ ಪರೀಕ್ಷಿತವಾದ ವಸ್ತು.

ಸ್ವಂತ ಜಮೀನಿನ ಮರವೆಂದು ಯಾವುದನ್ನಾದರೂ ಇಷ್ಟಬಂದಂತೆ ಕಡಿಯುವಂತಿಲ್ಲ. ೧೯೭೬ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ ಮರ ಕಡಿಯುವುದಕ್ಕೆ ವೃಕ್ಷಾಧಿಕಾರಿಯ ಅನುಮತಿಯು ಅವಶ್ಯ. ಸಿಲ್ವರ್ ಓಕ್, ಗಾಳಿಮರ, ನೀಲಗಿರಿ, ತೆಂಗು ಮುಂತಾದ ಕೆಲವು ಜಾತಿಗಳಿಗೆ ವಿನಾಯಿತಿಯುಂಟು. ತೇಗ, ಬೀಟೆ, ಶ್ರೀಗಂಧಗಳಿಗೆ ಪ್ರತ್ಯೇಕ ನಿಯಮಗಳಿರುವುದರಿಂದ ಅವುಗಳಿಗೆ ಕೊಡಲಿ ಮುಟ್ಟಿಸುವ ಮೊದಲು ಅರಣ್ಯಾಧಿಕಾರಿಗಳನ್ನು ವಿಚಾರಿಸತಕ್ಕದ್ದು. ಅನುಮತಿಯ ಕಾಗದವು ಕೈಗೆ ಬಂದ ಮೇಲೆಯೇ ಕೆಲಸದವರನ್ನು ಕರೆಯಿರಿ.

೪. ಕಡಿಯುವ ಕಾಲ ಮತ್ತು ಕ್ರಮ

ಮಾರ್ಗಶಿರದಿಂದ ಮಾಘದವರೆಗೆ, ಅಂದರೆ ಡಿಸೆಂಬರ್ ತಿಂಗಳಿನಿಂದ ಫೆಬ್ರವರಿಯವರೆಗೆ ಮರ ಕಡಿಯುವುದು ಉತ್ತಮ. ಆಗ ನೆಲವು ಒಣಗಿ ಗಟ್ಟಿಯಾಗಿರುತ್ತದೆ. ಹುಳುಗಳ ಉಪದ್ರವವು ಕಡಿಮೆ. ಬಿಸಿಲು ತೀಕ್ಷ್ಣವಾಗಿಲ್ಲದ ಕಾರಣ ಮರವು ಒಮ್ಮೆಲೇ ಒಣಗಿ ಸೀಳುವುದಿಲ್ಲ. ಸುಗ್ಗಿಯ ಕೆಲಸ ಮುಗಿಯುತ್ತ ಬಂದು ಎತ್ತುಗಳಿಗೂ ಬಿಡುವು ದೊರೆಯುತ್ತದೆ.

ಮರದ ಮೇಲೆ ಹಬ್ಬಿದ ಬಳ್ಳಿಗಳನ್ನು ಮೊದಲೇ ಕತ್ತರಿಸಿಡಬೇಕು. ಇಲ್ಲವಾದರೆ ಬೀಳುವ ಮರವು ಪಕ್ಕದ ಮರದ ಕೊಂಬೆಯನ್ನು ಎಳೆದು ಆಳುಗಳ ಮೇಲೆ ಕೆಡಹುವುದುಂಟು. ಮರದ ವಾಲು, ಕೊಂಬೆಗಳ ಭಾರ, ಗಾಳಿಯ ದಿಕ್ಕು, ಎತ್ತುಗಳು ಬರತಕ್ಕ ದಾರಿ ಇವನ್ನು ನೋಡಿ ಬೀಳಿಸುವ ದಿಕ್ಕನ್ನು ನಿಶ್ಚಯಿಸಿ, ಆ ಕಡೆಯಲ್ಲಿ ಕಾಂಡದ ದಪ್ಪದ ನಾಲ್ಕನೆಯ ಒಂದು ಭಾಗದಷ್ಟು ಆಳಕ್ಕೆ ಬಾಯಿ ತೆಗೆಯತಕ್ಕದ್ದು. ಅನಂತರ ಹಿಂದುಗಡೆಯಲ್ಲಿ, ಆ ಬಾಯಿಯ ತಳಕ್ಕಿಂತ ಒಂದೆರಡು ಅಂಗುಲ ಮೇಲೆ, ಗರಗಸದಿಂದ ಕೊಯ್ಯಬೇಕು. ಎರಡು ಕೊಯ್ತಗಳ ನಡುವೆ ದಪ್ಪದ ಹತ್ತನೆಯ ಒಂದು ಭಾಗದಷ್ಟು ಮರವನ್ನು ಕೊಯ್ಯದೆ ಉಳಿಸಬೇಕು. ಬಾಗಿಲಿಗೆ ಕೀಲು ಹೇಗೋ ಹಾಗೆ ಈ ಪಟ್ಟಿಯೇ ಮರವನ್ನು ಹಿಡಿದು ಗೊತ್ತಾದ ದಿಕ್ಕಿಗೆ ಬಾಗಿಸುತ್ತದೆ. ಇದನ್ನೂ ಕೊಯ್ದುಬಿಟ್ಟರೆ ಮರವು ಯಾವ ಕಡೆಗೆ ತಿರುಗುವುದೆಂದು ಯಾರೂ ಹೇಳಲಾರರು.

ಕೊಯ್ಯುವವರು ಓಡತಕ್ಕ ದಾರಿಯನ್ನು ಮೊದಲೇ ಸವರಿಡಬೇಕು. ಅದು ಹಿಂದಕ್ಕೆ ಓರೆಯಾಗಿರಬೇಕೇ ಹೊರತು ನೇರವಾಗಿ ಹಿಂದಕ್ಕಲ್ಲ. ಏಕೆಂದರೆ ಬೀಳುವಾಗ ಬುಡವು ಹಿಂದಕ್ಕೆ ಚಿಮ್ಮುವುದುಂಟು. ನೋಡಲು ಬಂದ ಮಕ್ಕಳನ್ನೂ ದನಗಳನ್ನೂ ಮರದ ಎತ್ತರದ ಎರಡರಷ್ಟು ದೂರದಲ್ಲಿ ನಿಲ್ಲಿಸತಕ್ಕದ್ದು.

೫. ದಿಮ್ಮಿಯ ತೂಕವನ್ನು ತಿಳಿಯುವ ಬಗೆ

ಎಳೆಸುವ ಮೊದಲು ಭಾರವನ್ನು ಲೆಕ್ಕಹಾಕುವುದು ಅತ್ಯವಶ್ಯ. ದಿಮ್ಮಿಯ ನಡುವಿನ ಸುತ್ತಳತೆಯನ್ನು ಹಗ್ಗದಿಂದ ಅಳೆದು ನಾಲ್ಕರಿಂದ ಭಾಗಿಸಿ, ಬಂದುದನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿದರೆ ವ್ಯಾಪಾರಿಗಳ ಲೆಕ್ಕದ ಘನ ಅಡಿಗಳು ದೊರೆಯುತ್ತವೆ. ಇದು ಕೆತ್ತನೆಯಲ್ಲಿ ಹೋಗುವ ಮರವನ್ನು ಬಿಟ್ಟು ಮಾಡಿದ ಲೆಕ್ಕವಾದುದರಿಂದ, ನಿಜವಾದ ಗಾತ್ರವು ಇದಕ್ಕಿಂತ ಕಾಲು ಭಾಗಕ್ಕೂ ಸ್ವಲ್ಪ ಹೆಚ್ಚಾಗಿರುತ್ತದೆ.

ಉದಾಹರಣೆಗೆ, ೩ ಅಡಿ ಸುತ್ತಳತೆ, ೧೪ ಅಡಿ ಉದ್ದದ ಒಂದು ದಿಮ್ಮಿಯನ್ನು ತೆಗೆದುಕೊಳ್ಳೋಣ. ಸುತ್ತಳತೆಯ ಕಾಲು ಭಾಗ ಮುಕ್ಕಾಲು ಅಡಿ. ಮುಕ್ಕಾಲನ್ನು ಮುಕ್ಕಾಲಿನಿಂದಲೂ ೧೪ರಿಂದಲೂ ಗುಣಿಸಿದರೆ ಸುಮಾರು ೭.೯ ಘನ ಅಡಿ; ನಿಜವಾದ ಗಾತ್ರ ಸುಮಾರು ೧೦ ಘನ ಅಡಿ. ಹಸಿಯಾದ ಗಟ್ಟಿ ಮರವು ಘನ ಅಡಿಗೆ ಸುಮಾರು ೨೭ ಕಿಲೋ ತೂಗುವುದೆಂದು ಹಿಡಿದರೆ ದಿಮ್ಮಿಯ ತೂಕ ೨೭೦ ಕಿಲೋ ಆಗುತ್ತದೆ.

೬. ಎತ್ತುಗಳಿಂದ ಎಳೆಸುವುದು

ದನವು ತನ್ನ ಮೈತೂಕದ ಸುಮಾರು ಹತ್ತನೆಯ ಒಂದು ಭಾಗದಷ್ಟು ಎಳೆತವನ್ನು ಗಂಟೆಗಟ್ಟಲೆ ಸಹಿಸಬಲ್ಲದು. ಸ್ವಲ್ಪ ದೂರಕ್ಕೆ ಇದಕ್ಕಿಂತ ಬಹಳ ಹೆಚ್ಚು ಎಳೆಯಬಲ್ಲದಾದರೂ ಕೂಡಲೇ ವಿಶ್ರಾಂತಿ ಬೇಕು. ಒಂದೊಂದು ೩೫೦ ಕಿಲೋ ತೂಗುವ ಹಳ್ಳಿಕಾರ್ ಜೋಡಿಗೆ ೭೦ ಕಿಲೋ ಎಳೆತವು ಹದವಾದುದು. ಮಲೆನಾಡು ಗಿಡ್ಡ ತಳಿಯ ಎತ್ತುಗಳು ಚುರುಕಾದವಾದರೂ ಮೈಯಲ್ಲಿ ಬಹು ಚಿಕ್ಕವು. ಅವುಗಳಿಗೆ ಪಕಾಸಿ, ರೀಪು, ಬಿದಿರುಗಳನ್ನು ಮಾತ್ರ ಎಳೆಸತಕ್ಕದ್ದು.

ದಿಮ್ಮಿಯನ್ನು ಬರಿಯ ನೆಲದ ಮೇಲೆ ಎಳೆದರೆ ಅದರ ತೂಕದ ಸುಮಾರು ಅರ್ಧದಷ್ಟು ಎಳೆತ ಬೇಕಾಗುತ್ತದೆ. ಮೇಲಿನ ದಿಮ್ಮಿಗೆ ಇದು ೧೩೫ ಕಿಲೋ. ಅಂದರೆ ಜೋಡಿಯ ಹದವಾದ ಶಕ್ತಿಯ ಸುಮಾರು ಎರಡರಷ್ಟು. ಅದೇ ದಿಮ್ಮಿಯ ಮುಂದಿನ ತುದಿಯನ್ನು ಗಾಡಿಯ ಎರಡು ಚಕ್ರ ಮತ್ತು ಅಚ್ಚಿನ ಮೇಲೆ ಎತ್ತಿ ಕಟ್ಟಿದರೆ, ಅರ್ಧ ಭಾರವು ಚಕ್ರದ ಮೇಲೆ ಬಿದ್ದು, ಬೇಕಾದ ಎಳೆತವು ಸುಮಾರು ೮೦ ಕಿಲೋಗೆ ಇಳಿಯುತ್ತದೆ. ಆಗ ಐವತ್ತು ಅರವತ್ತು ಗಜಗಳಿಗೊಮ್ಮೆ ನಿಲ್ಲಿಸುತ್ತ ಎತ್ತುಗಳನ್ನು ದಣಿಸದೆ ಸಾಗಿಸಬಹುದು. ಹತ್ತು ಅಡಿಗೆ ಒಂದು ಅಡಿಯಂತೆ ಏರುವ ದಾರಿಯಾದರೆ ದಿಮ್ಮಿಯ ತೂಕದ ಹತ್ತನೆಯ ಒಂದು ಭಾಗ, ಅಂದರೆ ಇನ್ನೂ ೨೭ ಕಿಲೋ ಕೂಡುತ್ತದೆ. ಅಂಥ ಕಡೆ ಎರಡನೆಯ ಜೋಡಿಯನ್ನು ಕಟ್ಟಬೇಕು. ಬಾರುಕೋಲಿನಿಂದ ಭಾರವು ಕಡಿಮೆಯಾಗದು.

ಈ ಕೆಲಸದಲ್ಲಿ ಅನುಸರಿಸತಕ್ಕ ಎಚ್ಚರಿಕೆಗಳು ಇವು:

(ಅ) ದಿಮ್ಮಿಯ ತೊಗಟೆಯನ್ನು ಕಡಿದ ಸ್ಥಳದಲ್ಲಿಯೇ ಸುಲಿದು, ಕೊಂಬೆಯ ಗಂಟುಗಳನ್ನು ಸಮಮಾಡಿ, ಮುಂದಿನ ತುದಿಯನ್ನು ಗುಂಡಾಗಿ ಕೆತ್ತಬೇಕು. ತುದಿಯು ಚೌಕವಾಗಿದ್ದರೆ ಬೇರಿಗೂ ಕಲ್ಲಿಗೂ ತಗಲಿ ಎತ್ತುಗಳ ಹೆಗಲಿಗೆ ಏಟು ಬೀಳುತ್ತದೆ.

(ಆ) ನಡೆಸುವವನು ಯಾವಾಗಲೂ ಏರಿನ ಪಕ್ಕದಲ್ಲಿರಬೇಕು. ಎತ್ತಿಗೂ ದಿಮ್ಮಿಗೂ ನಡುವೆ ಯಾರೂ ನಿಲ್ಲಕೂಡದು. ಸರಪಳಿಯನ್ನು ಎಳೆತದಲ್ಲಿರುವಾಗ ದಾಟಕೂಡದು.

(ಇ) ಸರಪಳಿಯನ್ನು ಒಂದೇ ಏಟಿಗೆ ಕಳಚಿಕೊಳ್ಳುವಂತೆ ಮರದ ಗೂಟದಿಂದ ಸಿಕ್ಕಿಸಬೇಕು. ಗಂಟು ಹಾಕಿದ ಹಗ್ಗವನ್ನು ಅಪಾಯದ ವೇಳೆಯಲ್ಲಿ ಬಿಚ್ಚಲಾಗದು.

(ಈ) ಕಡಿದಾದ ಇಳಿಜಾರಿನಲ್ಲಿ ಎತ್ತುಗಳನ್ನು ದಿಮ್ಮಿಯ ಮುಂದೆ ಕಟ್ಟಲೇಬಾರದು. ದಿಮ್ಮಿಯ ಹಿಂದಿನ ತುದಿಗೆ ಗಟ್ಟಿಯಾದ ಹಗ್ಗವನ್ನು ಕಟ್ಟಿ, ಮೇಲಿರುವ ಬಲವಾದ ಬೊಡ್ಡೆಗೆ ಎರಡು ಸುತ್ತು ಸುತ್ತಿ, ಇಬ್ಬರು ಹಿಡಿದು ಸ್ವಲ್ಪ ಸ್ವಲ್ಪವಾಗಿ ಸಡಿಲಿಸುತ್ತ ಇಳಿಸಬೇಕು. ಸಮನಾದ ನೆಲಕ್ಕೆ ಬಂದ ಮೇಲೆಯೇ ಎತ್ತುಗಳನ್ನು ಹೂಡತಕ್ಕದ್ದು. ಮೊದಲನೆಯ ಮನೆಯ ಕೆಲಸದಲ್ಲಿ ಈ ಒಂದು ಹಗ್ಗವಿದ್ದಿದ್ದರೆ ಆ ಎತ್ತು ಉಳಿಯುತ್ತಿತ್ತು.

(ಉ) ಬೆಳಗ್ಗೆ ಮೂರು ಗಂಟೆ, ಸಂಜೆ ಎರಡು ಗಂಟೆಗಳಿಗಿಂತ ಹೆಚ್ಚು ಕೆಲಸ ಮಾಡಿಸಬಾರದು. ಪ್ರತಿ ಸಂಜೆಯೂ ಹೆಗಲನ್ನು ಕೈಯಿಂದ ತಡವಿ ನೋಡಬೇಕು. ಬಿಸಿಯಾಗಿ ಊದಿದ್ದರೆ ಮಾರನೆಯ ದಿನ ನೊಗವಿಡಬಾರದು. ಗೊರಸಿನ ಲಾಳಗಳನ್ನು ಕೆಲಸಕ್ಕೆ ಮುಂಚೆಯೇ ಕಟ್ಟಿಸಿಡಬೇಕು.

(ಊ) ಮಳೆ ಬಿದ್ದ ದಿವಸ ದಿಮ್ಮಿ ಎಳೆಸುವುದನ್ನು ನಿಲ್ಲಿಸತಕ್ಕದ್ದು.

೭. ಮರವನ್ನು ಒಣಗಿಸುವುದು

ಹಸಿ ಮರದಲ್ಲಿರುವ ನೀರು ಅನೇಕ ವೇಳೆ ಒಣಮರದ ತೂಕದ ಅರ್ಧವನ್ನೂ ಮೀರುತ್ತದೆ. ಈ ನೀರು ಸುಮಾರು ನೂರಕ್ಕೆ ಮೂವತ್ತರಷ್ಟಕ್ಕೆ ಇಳಿಯುವವರೆಗೆ ಮರವು ಕುಗ್ಗುವುದಿಲ್ಲ. ಅಲ್ಲಿಂದ ಕೆಳಕ್ಕೆ ಇಳಿಯುವಾಗ ಕುಗ್ಗುತ್ತದೆ, ಸೀಳುತ್ತದೆ, ತಿರುಚುತ್ತದೆ. ಆದುದರಿಂದ ಕುಗ್ಗುವುದೆಲ್ಲ ಕಟ್ಟುವುದಕ್ಕೆ ಮುಂಚೆಯೇ ಆಗಬೇಕು. ಕಟ್ಟಿದ ಮೇಲೆ ಆದರೆ ಕೀಲುಗಳೆಲ್ಲ ಸಡಿಲವಾಗುತ್ತವೆ.

ದಿಮ್ಮಿಗಳನ್ನು ಬೇಗನೆ ಕೊಯ್ಸಿ, ಬೇಕಾದ ಅಳತೆಗಿಂತ ಅರ್ಧ ಅಂಗುಲ ಹೆಚ್ಚಾಗಿರುವಂತೆ ಇಟ್ಟುಕೊಳ್ಳಿರಿ. ನೆಲದಿಂದ ಒಂದೂವರೆ ಅಡಿ ಎತ್ತರದ ಕಲ್ಲುಗಳ ಮೇಲೆ ಅವುಗಳನ್ನು ಜೋಡಿಸಿ, ಪ್ರತಿ ಸಾಲಿನ ನಡುವೆಯೂ ಒಂದು ಅಂಗುಲ ದಪ್ಪದ ಒಣ ಕೋಲುಗಳನ್ನು ಎರಡೆರಡು ಅಡಿಗೊಂದರಂತೆ ಇಡಬೇಕು. ಈ ಕೋಲುಗಳು ಒಂದರ ಮೇಲೊಂದು ನೇರವಾಗಿರಬೇಕು, ಇಲ್ಲವಾದರೆ ಮರವು ಬಾಗುತ್ತದೆ. ತುದಿಗಳಿಂದ ನೀರು ಬೇಗ ಆರುವುದರಿಂದ ಅಲ್ಲಿಯೇ ಮೊದಲು ಸೀಳು ಹುಟ್ಟುತ್ತದೆ. ತುದಿಗಳಿಗೆ ಕರಗಿಸಿದ ಮೇಣವನ್ನಾಗಲಿ, ಅದಿಲ್ಲದಿದ್ದರೆ ಸಗಣಿ ಜೇಡಿಮಣ್ಣುಗಳ ಲೇಪವನ್ನಾಗಲಿ ಹಚ್ಚತಕ್ಕದ್ದು. ಮೇಲೆ ಹುಲ್ಲಿನ ಚಪ್ಪರವಿರಲಿ; ಪಕ್ಕಗಳಲ್ಲಿ ಗಾಳಿಯಾಡಲಿ.

ಪಕಾಸಿಗಳಿಗೆ ಆರು ತಿಂಗಳು, ಕಂಬ ತೊಲೆಗಳಿಗೆ ಕಡಿಮೆಯೆಂದರೆ ಒಂದು ವರ್ಷ ಬೇಕು. ಹದವನ್ನು ತಿಳಿಯಲು ಒಂದು ಸುಲಭ ಪರೀಕ್ಷೆಯುಂಟು. ಅದೇ ಮರದ ಒಂದು ತುಂಡನ್ನು ರಾಶಿಯಲ್ಲಿಯೇ ಇಟ್ಟು ಹದಿನೈದು ದಿನಕ್ಕೊಮ್ಮೆ ತೂಗಿ ಗೋಡೆಯ ಮೇಲೆ ಬರೆಯುತ್ತ ಬನ್ನಿರಿ. ತೂಕವು ಇಳಿಯುತ್ತಿರುವವರೆಗೆ ಮರವು ಒಣಗುತ್ತಿದೆ. ಬೇಸಗೆಯಲ್ಲಿ ಮೂರು ಸಾರಿ ಒಂದೇ ತೂಕ ಬಂದರೆ ಆ ಗಾತ್ರದ ತುಂಡು ಒಣಗಿದೆಯೆಂದು ಅರ್ಥ. ದಪ್ಪ ತೊಲೆಗೆ ದಪ್ಪ ತುಂಡನ್ನೇ ಪರೀಕ್ಷೆಗೆ ಇಡಬೇಕು.

೮. ತಳಪಾಯ ಮತ್ತು ಗೆದ್ದಲಿನ ನಿವಾರಣೆ

ಕಂಬವನ್ನು ನೆಲದಲ್ಲಿ ಹೂಳಕೂಡದು. ಇದು ಈ ಕರಪತ್ರದ ಮುಖ್ಯವಾದ ಸೂಚನೆ. ಗೆದ್ದಲು ನೆಲದಿಂದ ಮಣ್ಣಿನ ಕೊಳವೆಯನ್ನು ಕಟ್ಟಿಕೊಂಡೇ ಮೇಲಕ್ಕೆ ಬರುತ್ತದೆ. ಕಂಬವು ಮಣ್ಣಿನಲ್ಲಿದ್ದರೆ ಅದರ ಬರವು ನಮಗೆ ಕಾಣಿಸುವುದೇ ಇಲ್ಲ. ಕಲ್ಲಿನ ಮೇಲಿದ್ದರೆ ಕಲ್ಲಿನ ಮೈಮೇಲೆ ಕೊಳವೆ ಕಟ್ಟಲೇಬೇಕಾಗುತ್ತದೆ. ಅದನ್ನು ಕಂಡ ಕೂಡಲೇ ಕೆರೆದುಹಾಕಬಹುದು. ಕಲ್ಲಿನಿಂದ ಗೆದ್ದಲು ನಿಲ್ಲುವುದೆಂದಲ್ಲ, ಕಳ್ಳನು ಬೆಳಕಿನಲ್ಲಿ ಬರಬೇಕಾಗುತ್ತದೆಂಬುದೇ ಅದರ ಪ್ರಯೋಜನ.

ಆದುದರಿಂದ ಎರಡು ಅಡಿ ಎತ್ತರದ ಕಲ್ಲಿನ ತಳಪಾಯವನ್ನು ಕಟ್ಟಿ, ಪ್ರತಿ ಕಂಬದ ಕೆಳಗೂ ಚಪ್ಪಟೆಯಾದ ಒಂದೇ ಕಲ್ಲನ್ನು ಇರಿಸಬೇಕು. ಹೂಳದ ಕಂಬವು ಗಾಳಿಗೆ ಜರುಗದಂತೆ, ಕಲ್ಲುಕಟ್ಟಡದೊಳಗೆ ಬಿಗಿಸಿದ ಕಬ್ಬಿಣದ ಪಟ್ಟಿಗಳೆರಡರಿಂದ ಬುಡವನ್ನು ಇಕ್ಕೆಲದಲ್ಲಿಯೂ ಹಿಡಿಸಿ ಬೋಲ್ಟನ್ನು ಹಾಕತಕ್ಕದ್ದು. ಬುಡದಲ್ಲಿ ನೀರು ನಿಲ್ಲದಂತೆ ಕಲ್ಲಿನ ಮೇಲ್ಮೈಯು ಹೊರಕ್ಕೆ ಸ್ವಲ್ಪ ಇಳಿಜಾರಾಗಿರಲಿ. ತಳಪಾಯದ ಸುತ್ತ ಮೂರು ಅಡಿಯೊಳಗೆ ಸೌದೆ, ಹುಲ್ಲು, ಮರದ ತುಂಡುಗಳನ್ನು ರಾಶಿಹಾಕಬಾರದು. ತಿಂಗಳಿಗೊಮ್ಮೆ ದೀಪ ಹಿಡಿದು ಸುತ್ತಲೂ ನೋಡುವ ರೂಢಿಯನ್ನಿಟ್ಟುಕೊಳ್ಳಬೇಕು.

೯. ಚೌಕಟ್ಟು ಮತ್ತು ಮಾಡು

ಒಳಗೆ ೧೮ ಅಡಿ ಉದ್ದ, ೧೨ ಅಡಿ ಅಗಲದ ಮನೆಯು ಸಾಧಾರಣ ಹಿಡುವಳಿಗೆ ಸಾಕು. ಅದಕ್ಕೆ ಬೇಕಾದ ನಾಟ:

ಕಂಬಗಳು: ೮, ಪ್ರತಿಯೊಂದೂ ೮ ಅಡಿ ಉದ್ದ, ೬ ಅಂಗುಲ ಚೌಕ, ಉದ್ದದ ಎರಡು ಪಕ್ಕಗಳಲ್ಲಿ ಆರಾರು ಅಡಿಗೊಂದರಂತೆ ನಾಲ್ಕು ನಾಲ್ಕು.
ಉದ್ದದ ಮೇಲ್ದೊಲೆಗಳು: ಪ್ರತಿ ಪಕ್ಕಕ್ಕೆ ಎರಡು ತುಂಡು, ೧೩½ ಅಡಿಯದೊಂದು, ೭½ ಅಡಿಯದೊಂದು, ಇವು ಒಂದು ಅಡಿಯಷ್ಟು ಒಂದರ ಮೇಲೊಂದು ಕೂಡಿ ೨೦ ಅಡಿಯಾಗುತ್ತವೆ. ಕೂಡುವ ಸ್ಥಳವು ಕಂಬದ ಮೇಲೆಯೇ ಇರಬೇಕು.
ಅಡ್ಡತೊಲೆಗಳು: ೪, ಪ್ರತಿಯೊಂದೂ ೧೪ ಅಡಿ.
ನೆತ್ತಿಯ ತೊಲೆ: ೨೦ ಅಡಿ, ಮೇಲಿನಂತೆಯೇ ಎರಡು ತುಂಡು, ಇದನ್ನು ಹೊರುವುದಕ್ಕೆ ಅಡ್ಡತೊಲೆಗಳ ನಡುವೆ ನಿಲ್ಲಿಸುವ ಗಿಡ್ಡ ಕಂಬಗಳು ೪.
ಪಕಾಸಿಗಳು: ೨೨, ಪ್ರತಿಯೊಂದೂ ೧೦ ಅಡಿ, ಎರಡೆರಡು ಅಡಿಗೊಂದರಂತೆ ಪ್ರತಿ ಇಳಿಜಾರಿಗೆ ೧೧.

ಅಡ್ಡತೊಲೆಯ ಆಕಾರದ ವಿಷಯದಲ್ಲಿ ಒಂದು ಸೂತ್ರವನ್ನು ನೆನಪಿನಲ್ಲಿಡತಕ್ಕದ್ದು. ತೊಲೆಯ ಬಲವು ಅದರ ಅಗಲವನ್ನು ಒಂದು ಸಲ, ಎತ್ತರವನ್ನು ಎರಡು ಸಲ ಗುಣಿಸಿದ ಲೆಕ್ಕದಂತಿರುತ್ತದೆ. ೬ ಅಂಗುಲ ಚೌಕದ ತೊಲೆಗೆ ೬, ೬, ೬ ಗುಣಿಸಿದರೆ ೨೧೬. ಅಷ್ಟೇ ದಪ್ಪದ ದಿಮ್ಮಿಯಿಂದ ೫ ಅಂಗುಲ ಅಗಲ, ೭ ಅಂಗುಲ ಎತ್ತರದ ತೊಲೆಯನ್ನು ತೆಗೆದರೆ ೫, ೭, ೭ ಗುಣಿಸಿ ೨೪೫. ಮರವು ಸ್ವಲ್ಪ ಕಡಿಮೆ, ಬಲವು ಹೆಚ್ಚು. ಆದರೆ ಅದೇ ತೊಲೆಯನ್ನು ಮಲಗಿಸಿ ಇಟ್ಟರೆ ೭, ೫, ೫ ಗುಣಿಸಿ ೧೭೫ ಮಾತ್ರ. ಎಷ್ಟೋ ಮನೆಗಳಲ್ಲಿ ಒಳ್ಳೆಯ ತೊಲೆಯನ್ನು ಮಲಗಿಸಿ ಅದರ ಬಲವನ್ನು ಕಳೆದಿರುವುದನ್ನು ನೋಡಿದ್ದೇನೆ.

ಕಂಬದ ತಲೆಯಲ್ಲಿ ನಾಲಿಗೆಯನ್ನು ಬಿಟ್ಟು, ಮೇಲ್ದೊಲೆಯಲ್ಲಿ ಅದಕ್ಕೆ ತಕ್ಕ ತೂತನ್ನು ತೆಗೆದು ಕೂಡಿಸಿ, ಒಣಗಿದ ಗಟ್ಟಿ ಮರದ ಗೂಟವನ್ನು ಹೊಡೆಯಬೇಕು. ಪ್ರತಿ ಮೂಲೆಯ ಕಂಬದಿಂದ ಎರಡು ಕಡೆಗೂ ಎರಡೂವರೆ ಅಡಿ ಉದ್ದದ ಓರೆಗೋಲುಗಳನ್ನು ಕೊಡತಕ್ಕದ್ದು. ನಾಲ್ಕು ಕೋಲುಗಳ ಚೌಕವು ಗಾಳಿಗೆ ಓರೆಯಾಗಬಲ್ಲದು. ಮೂರು ಕೋಲುಗಳ ಮುಕ್ಕೋನವು ಓರೆಯಾಗಲಾರದು. ಓರೆಗೋಲು ಕೊಡುವುದರ ತತ್ತ್ವ ಇಷ್ಟೆ.

ನೆತ್ತಿಯು ಮೇಲ್ದೊಲೆಗಳಿಗಿಂತ ೪ ಅಡಿ ಎತ್ತರವಾಗಿರಲಿ. ಆಗ ಮಂಗಳೂರು ಹೆಂಚಿಗೂ ಮಲೆನಾಡಿನ ಮಳೆಗೂ ತಕ್ಕ ಇಳಿಜಾರು ದೊರೆಯುತ್ತದೆ. ೧೦ ಅಡಿಯ ಪಕಾಸಿಯು ಗೋಡೆಯಿಂದಾಚೆಗೆ ಎರಡೂಕಾಲು ಅಡಿಯಷ್ಟು ಚಾಚಿ ಕಂಬದ ಬುಡಕ್ಕೆ ಎರಚಲು ತಗಲದಂತೆ ಕಾಪಾಡುತ್ತದೆ. ಮಾಡಿನ ಎರಡು ಇಳಿಜಾರುಗಳೂ ಸೇರಿ ೪೦೦ ಚದರ ಅಡಿ. ಇದಕ್ಕೆ ಸುಮಾರು ೫೬೦ ಹೆಂಚುಗಳೂ ನೆತ್ತಿಯ ಹೆಂಚುಗಳೂ ಬೇಕು. ಒಂದೊಂದು ಹೆಂಚು ಎರಡು ಕಿಲೋಗಿಂತ ಹೆಚ್ಚು ತೂಗುವುದರಿಂದ ಮಾಡಿನ ಭಾರವು ೧,೧೦೦ ಕಿಲೋ ಮೀರುತ್ತದೆ. ತೊಲೆ, ಕಂಬ, ಕೀಲುಗಳಲ್ಲಿ ಉಪೇಕ್ಷೆ ಕೂಡದೆಂಬುದಕ್ಕೆ ಈ ಸಂಖ್ಯೆಯೇ ಸಾಕ್ಷಿ. ರೀಪುಗಳ ಅಂತರವನ್ನು ಕೊಂಡ ಹೆಂಚನ್ನೇ ಇಟ್ಟು ಅಳೆಯಿರಿ.

ಗೋಡೆಯನ್ನು ಕಲ್ಲು, ಜಂಬಿಟ್ಟಿಗೆ, ಮಣ್ಣು, ಬಿದಿರು ತಟ್ಟಿ ಯಾವುದರಿಂದಲಾದರೂ ಕಟ್ಟಬಹುದು. ಆದರೆ ಕಂಬವನ್ನು ಮಣ್ಣಿನಲ್ಲಿ ಮುಚ್ಚದೆ ಅದರ ಒಂದು ಮೈಯಾದರೂ ಕಣ್ಣಿಗೆ ಕಾಣುವಂತೆ ಬಿಡಬೇಕು.

೧೦. ಮರಕ್ಕೆ ಔಷಧ

ಸಿಲ್ವರ್ ಓಕ್, ಗಾಳಿಮರ, ಬಿದಿರುಗಳಿಗೆ ಔಷಧವಿಲ್ಲದೆ ಗತಿಯಿಲ್ಲ. ಹತ್ತು ಲೀಟರ್ ನೀರಿಗೆ ೩೦೦ ಗ್ರಾಂ ಬೋರಾಕ್ಸ್, ೨೦೦ ಗ್ರಾಂ ಬೋರಿಕ್ ಆಮ್ಲಗಳನ್ನು ಕರಗಿಸಿ, ತೊಗಟೆ ಸುಲಿದ ಹಸಿ ಪಕಾಸಿಗಳನ್ನು ಅದರಲ್ಲಿ ಒಂದೆರಡು ವಾರ ಮುಳುಗಿಸಿಟ್ಟು, ಬಳಿಕ ನೆರಳಿನಲ್ಲಿ ನಿಧಾನವಾಗಿ ಒಣಗಿಸಬೇಕು. ಈ ಒಂದು ಕೆಲಸಕ್ಕೆ ಮಾತ್ರ ಹಸಿ ಮರವೇ ಒಳ್ಳೆಯದು. ಏಕೆಂದರೆ ಒಳಗಿನ ನೀರಿನ ಮೂಲಕವೇ ಔಷಧವು ಒಳಕ್ಕೆ ಹರಡುತ್ತದೆ. ಈ ಔಷಧವು ಮಳೆಯಲ್ಲಿ ತೊಳೆದುಹೋಗುವುದರಿಂದ ಮಾಡಿನ ಕೆಳಗಿರುವ ಮರಕ್ಕೆ ಮಾತ್ರ ತಕ್ಕದ್ದು. ಕೈಗೆ ರಬ್ಬರ್ ಚೀಲ ಧರಿಸಿರಿ. ಉಳಿದ ನೀರನ್ನು ಬಾವಿ ಕೆರೆಗಳ ಬಳಿ ಚೆಲ್ಲಬೇಡಿರಿ. ಆ ಪಾತ್ರೆಯನ್ನು ಬೇರೆ ಯಾವುದಕ್ಕೂ ಬಳಸಬೇಡಿರಿ.

೧೯೩೩ರಲ್ಲಿ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಸೊಂಟಿ ಕಾಮೇಶಂ ಎಂಬ ವಿಜ್ಞಾನಿಗಳು ತಾಮ್ರ, ಕ್ರೋಮಿಯಂ, ಪಾಷಾಣಗಳ ಲವಣಗಳಿಂದ ಮರವನ್ನು ಕಾಪಾಡುವ ಔಷಧವನ್ನು ಕಂಡುಹಿಡಿದರು. ಅದು ಲೋಕದಲ್ಲೆಲ್ಲ ಹರಡಿತು. ಅದರಲ್ಲಿ ಪಾಷಾಣವಿರುವುದರಿಂದ ಅನೇಕ ದೇಶಗಳಲ್ಲಿ ವಾಸದ ಮನೆಗಳಿಗೆ ಅದರ ಬಳಕೆಯನ್ನು ಈಗ ನಿರ್ಬಂಧಿಸಿದ್ದಾರೆ. ಹಾಗೆ ಔಷಧವೂಡಿದ ಹಳೆಯ ಮರದ ಚೂರುಗಳು ದೊರೆತರೆ ಅವನ್ನು ಒಲೆಗೆ ಹಾಕಕೂಡದು; ಅದರ ಹೊಗೆಯೂ ಬೂದಿಯೂ ವಿಷಕರ.

೧೧. ಗ್ರಾಮದ ಮುಖ್ಯಸ್ಥರಿಗೆ ವಿಜ್ಞಾಪನೆ

ದಿಮ್ಮಿ ಎಳೆಯುವ ಅಚ್ಚು ಮತ್ತು ಚಕ್ರ, ಇಬ್ಬರು ಎಳೆಯುವ ಗರಗಸ, ಉದ್ದವಾದ ಹಗ್ಗ, ಸರಪಳಿ ಇವು ಒಬ್ಬೊಬ್ಬರಿಗೂ ಪ್ರತಿವರ್ಷ ಬೇಕಾಗತಕ್ಕ ವಸ್ತುಗಳಲ್ಲ. ಗ್ರಾಮದ ಮುಖ್ಯಸ್ಥರು ನಾಲ್ಕಾರು ಮನೆಯವರನ್ನು ಕೂಡಿಸಿ ಇವನ್ನು ಸಾಮಾನ್ಯವಾಗಿ ಕೊಂಡಿಟ್ಟರೆ ಎಲ್ಲರಿಗೂ ಅನುಕೂಲ. ಮುಯ್ಯಾಳಿನ ಪದ್ಧತಿಯಂತೆ ಒಬ್ಬರ ದಿಮ್ಮಿಗೆ ಇನ್ನೊಬ್ಬರ ಎತ್ತನ್ನು ಕೊಡುವ ಏರ್ಪಾಡು ಮಾಡಿದರೆ ಏರಿನಲ್ಲಿ ಎತ್ತುಗಳನ್ನು ಹೊಡೆಯುವ ಪ್ರಸಂಗವೇ ಬಾರದು. ಅನುಮತಿಯಿಲ್ಲದೆ ಮರ ಕಡಿಯದಂತೆಯೂ, ಕಡಿದ ಒಂದು ಮರಕ್ಕೆ ಎರಡು ಸಸಿಗಳನ್ನು ಮುಂದಿನ ಮಳೆಗಾಲದಲ್ಲಿಯೇ ನೆಡುವಂತೆಯೂ ತಿಳಿಯಹೇಳುವುದು ಅವರ ಧರ್ಮ.

ಉಪಸಂಹಾರ

ಪುಷ್ಯದಲ್ಲಿ ಕಡಿಯಿರಿ, ತೂಕವನ್ನು ಲೆಕ್ಕಹಾಕಿ ಎಳೆಸಿರಿ, ಒಂದು ವರ್ಷ ನೆರಳಿನಲ್ಲಿ ಒಣಗಿಸಿರಿ, ಕಲ್ಲಿನ ಮೇಲೆ ನಿಲ್ಲಿಸಿರಿ, ತಿಂಗಳಿಗೊಮ್ಮೆ ನೋಡಿರಿ. ಮೇಲೆ ಹೇಳಿದುದೆಲ್ಲವೂ ಈ ಐದು ಮಾತುಗಳಲ್ಲಿ ಅಡಗಿದೆ.

ಮೊದಲು ಹೇಳಿದ ಯಜಮಾನರು ಎರಡನೆಯ ಮನೆಗೆ ಹಲಸಿನ ಕಂಬಗಳನ್ನು ಕಡಿಸಿದ ವರ್ಷ ಅದನ್ನು ಕಟ್ಟಲಿಲ್ಲ. ನೆರೆಯವರು ನಗುತ್ತಿದ್ದರೂ ಮರವನ್ನು ಒಂದು ಮಳೆಗಾಲ ಚಪ್ಪರದ ಕೆಳಗೆ ಇಟ್ಟು, ಮುಂದಿನ ಮಾಘದಲ್ಲಿ ಕೆಲಸ ಪ್ರಾರಂಭಿಸಿದರು. ಆ ಮನೆಯು ಈಗ ಒಂಬತ್ತು ಮಳೆಗಾಲಗಳನ್ನು ಕಂಡಿದೆ. ಕಳೆದ ಸಲ ನಾನು ಹೋದಾಗ ತಳಪಾಯದ ಕಲ್ಲಿನ ಮೇಲೆ ಗೆದ್ದಲಿನ ಹೊಸ ಕೊಳವೆಯೊಂದು ಒಂದು ಗೇಣಿನಷ್ಟು ಏರಿತ್ತು. ಅವರ ಮೊಮ್ಮಗನು ಅದನ್ನು ನನಗಿಂತ ಮೊದಲೇ ಕಂಡು ಕತ್ತಿಯ ಮೊನೆಯಿಂದ ಕೆರೆದುಹಾಕಿದನು. ಮನೆ ಬಾಳುವುದು ಹೀಗೆ. ಮರವನ್ನು ಕಡಿಯುವುದಕ್ಕೆ ಒಂದು ದಿನ ಸಾಕು. ಅದನ್ನು ಮನೆಯಾಗಿ ಉಳಿಸಿಕೊಳ್ಳುವುದಕ್ಕೆ ಪ್ರತಿ ತಿಂಗಳೂ ಒಂದು ಗಳಿಗೆ ಬೇಕು. ಇಷ್ಟನ್ನು ಹಿಡುವಳಿದಾರರು ಮನಸ್ಸಿನಲ್ಲಿಟ್ಟು ನಡೆದರೆ ಈ ಕರಪತ್ರದ ಶ್ರಮವು ಸಾರ್ಥಕವಾದಂತೆ.